ನಾಗುವಿನ ಗಂಜಿಗೆ ಬಿದ್ದ ತುಪ್ಪ

ಆಗೆಲ್ಲ ನಮ್ಮ ಬಸವನಗುಡಿಯಲ್ಲಿ ಮಕ್ಕಳು ಗುಂಡಗಿದ್ದರೆ ಮನೆಗೇ ಮರ್ಯಾದೆ. ನಾನು ಗುಂಡಗಿದ್ದೆ, ನಾಲ್ಕು ವರ್ಷದ ತಂಗಿ ನಾಗು ಕಡ್ಡಿ. ದೀಪಾವಳಿಗೆ ಶುರುವಾದ ಅವಳ ಭೇದಿ ಸಂಕ್ರಾಂತಿ ಕಳೆದರೂ ನಿಂತಿರಲಿಲ್ಲ. ಹೊಟ್ಟೆತುಂಬ ಉಣ್ಣುವಳು, ಆದರೂ ಕೈಕಾಲು ದಿನದಿನಕ್ಕೆ ಸಣ್ಣಗಾಗುತ್ತಿದ್ದವು.

"ಆ ಮಗೂದೂ ನೀನೇ ತಿಂತೀಯೇನೇ?" ಎಂದು ಅಜ್ಜಿ ನನ್ನನ್ನು ಗದರುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು ನನಗೆ! ಅಜ್ಜಿಗೆ ಗೊತ್ತಿದ್ದ ಮದ್ದು ಒಂದೇ, ತುಪ್ಪ. ವೀಳ್ಯದೆಲೆ ಹಾಕಿ ಬೆಣ್ಣೆ ಕಾಸಿದರೆ ಘಮ ಬೀದಿಗೆ ಬರುತ್ತಿತ್ತು. ನಾಗುವಿಗೆ ದೃಷ್ಟಿ ತೆಗೆದು, ಅನ್ನದ ಮೇಲೆ ಮಿಳ್ಳೆಮಿಳ್ಳೆ ತುಪ್ಪ ಸುರಿಯುವಳು.

ಕೊನೆಗೆ ಅಪ್ಪ ಡಾಕ್ಟರನ್ನು ಕರೆತಂದರು. ಅವರು ನಾಗುವನ್ನು ಪರೀಕ್ಷಿಸಿ, ಕೈ ತೊಳೆದು, ಒರೆಸಿಕೊಳ್ಳಲು ಕೊಟ್ಟ ಟರ್ಕಿ ಟವೆಲನ್ನೇ ಅಜ್ಜಿಗೆ ತೋರಿಸಿದರು.

"ನೋಡಿ ಅಮ್ಮಾ, ಸಣ್ಣ ಕರುಳಿನ ಒಳಗೂ ಹೀಗೇ ಎಳೆ ಎಳೆ ಇರತ್ತೆ. ಊಟದ ಸಾರ ಹೀರಿ ರಕ್ತಕ್ಕೆ ಕೊಡೋದು ಅವೇ. ಮಗೂಗೆ ಅವು ಸೊರಗಿವೆ, ತಿಂದಿದ್ದು ಮೈಗೆ ಹತ್ತದೆ ಹೊರಗೆ ಹೋಗ್ತಿದೆ. ತುಪ್ಪ ಹಾಕಿದ್ರೆ ಭೇದಿ ಇನ್ನೂ ಜಾಸ್ತಿ. ನಾನು ಇಂಜೆಕ್ಷನ್ ಕೊಡ್ತೀನಿ, ನೀವು ಬರೀ ಗಂಜಿ, ಮಜ್ಜಿಗೆ, ಬಾಳೆಹಣ್ಣು ಕೊಡಿ. ಇಲ್ದಿದ್ರೆ ಮಗು ಉಳಿಯೋದು ಕಷ್ಟ."

ಅಜ್ಜಿ ತಲೆಯಾಡಿಸಿದಳು. ಅವರು ಗೇಟು ದಾಟಿದ್ದೇ ತಡ, "ತುಪ್ಪ ಇಲ್ದೆ ಯಾವ ಮಗು ಬೆಳೆದಿದೆ?" ಎಂದು ಗೊಣಗಿದಳು.

ವಾರವಾದರೂ ಭೇದಿ ನಿಲ್ಲಲಿಲ್ಲ. ನಾಗುವಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅಜ್ಜಿ ನಾಗುವಿನ ಗಂಜಿಗೆ ತುಪ್ಪ ಹಾಕಿ ಕಲಕುತ್ತಿದ್ದಾಳೆ! ಹೇಳಿದರೆ ಅಜ್ಜಿಗೆ ಅವಮಾನ, ಹೇಳದಿದ್ದರೆ ನಾಗುವಿನ ಗತಿ? ಓಡಿಹೋಗಿ ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಬಂದು ಅಜ್ಜಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಗಂಜಿಯನ್ನು ಮೋರಿಗೆ ಚೆಲ್ಲಿದಳು. ಅಜ್ಜಿ ಗೋಡೆಗೊರಗಿ ಕುಸಿದು, "ನನ್ನ ಕೈಯಾರೆ ಮಗೂನ ಕೊಲ್ತಿದ್ನಲ್ಲೇ" ಎಂದು ಅತ್ತಳು. ಚಾಡಿ ಹೇಳಿದ ನಾನೂ ಬಾಗಿಲ ಹಿಂದೆ ನಿಂತು ಅತ್ತೆ.

ಯುಗಾದಿಯ ಹೊತ್ತಿಗೆ ನಾಗು ಅಂಗಳದಲ್ಲಿ ನನ್ನ ಜೊತೆ ಕುಂಟೆಬಿಲ್ಲೆ ಆಡಿದಳು. "ಇನ್ನು ಸ್ವಲ್ಪ ಸ್ವಲ್ಪ ತುಪ್ಪ ಹಾಕಿ" ಎಂದರು ಡಾಕ್ಟರು. ಅಜ್ಜಿ ಮಿಳ್ಳೆ ಎತ್ತಿ ನಾಗುವಿನ ತಟ್ಟೆಯವರೆಗೆ ತಂದಳು, ಬಗ್ಗಿಸಲಿಲ್ಲ. "ನೀನೇ ಬಡಿಸೇ" ಎಂದು ನನಗೆ ಕೊಟ್ಟಳು. ಆಮೇಲೆ ಬದುಕಿದ್ದಷ್ಟು ವರ್ಷವೂ ಅವಳು ಯಾರಿಗೂ ತುಪ್ಪ ಬಡಿಸಲಿಲ್ಲ. ನನ್ನ ಮೇಲೆ ಒಂದು ದಿನವೂ ಮುನಿಯಲಿಲ್ಲ.

ನಾಗು ನಮಗೆ ದಕ್ಕಿದಳು. ಬೇಡ ಬೇಡವೆಂದರೂ ಕೇಳದೆ, "ತಿನ್ನೇ ಸುಮ್ನೆ" ಎಂದು ಗದರಿ ಬಡಿಸುತ್ತಿದ್ದ ಅಜ್ಜಿಯನ್ನು ಮಾತ್ರ ನಾವು ಅವಳು ಬದುಕಿದ್ದಾಗಲೇ ಕಳೆದುಕೊಂಡೆವು.