ಅಂಚು ಕತ್ತರಿಸದ ಕಿರುಪುಸ್ತಕ

ನಾವಿಕರ ತರಬೇತಿ ಶಾಲೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಕ್ಕನ ಬಗ್ಗೆ ಒಂದು ಮಾತಿತ್ತು: ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಅದು ಸುಳ್ಳು. ಎಣಿಸಿ ತೋರಿಸಿದ್ದರೆ ನಾಲ್ಕನೆಯದನ್ನೂ ಒಪ್ಪುತ್ತಿದ್ದಳು. ಎಣಿಸುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ, ಅಷ್ಟೆ.

ಗ್ರಂಥಾಲಯದ ಕೆಳಗಿನ ಕೋಣೆ ಅವಳದು. ಒಂದು ಕಿಟಕಿ, ಅದರಾಚೆ ಹಡಗುಕಟ್ಟೆಯ ಗೋಡೆ. ಒಳಗೆ ಅಂಟಿನ ಪಾತ್ರೆ, ಹೊಲಿಗೆಯ ಚೌಕಟ್ಟು, ಮೂಲೆಯಲ್ಲಿ ಕಾಗದ ಕತ್ತರಿಸುವ ಯಂತ್ರ. ಇಪ್ಪತ್ತೊಂಬತ್ತು ವರ್ಷ ಅದರ ಹಿಡಿ ಎಳೆದು ಎಳೆದು ಬಲತೋಳು ಎಡದ್ದಕ್ಕಿಂತ ದಪ್ಪವಾಗಿತ್ತು. ಅಂಗಿ ಹೊಲಿದುಕೊಡುವ ತಂಗಿ ಪ್ರತಿ ಸಲವೂ ಬೈಯುತ್ತಿದ್ದಳು. ಹಳೆಯ ಕಿರುಪುಸ್ತಕಗಳು ಬಂದರೆ ಐದಾರನ್ನು ಸೇರಿಸಿ ಹೊಲಿದು, ಮೂರು ಬದಿ ಸಮನಾಗಿ ಕತ್ತರಿಸಿ, ರಟ್ಟು ಹಾಕುವುದು ಅಲ್ಲಿನ ರೂಢಿ. ಉದ್ದದ್ದು ಗಿಡ್ಡದರ ಅಳತೆಗೆ ಇಳಿಯಲೇಬೇಕು.

ಆ ವರ್ಷ ಒಂದು ಅಪರೂಪದ ಕಿರುಪುಸ್ತಕ ಬಂತು. ಮೂವತ್ತೆರಡು ಪುಟ, ಇನ್ನೂರು ವರ್ಷಕ್ಕೂ ಹಳೆಯದು. ನೌಕಾಪಡೆಯನ್ನು ಹೇಗೆ ನಡೆಸಬೇಕು, ನಾವಿಕರನ್ನು ಹೇಗೆ ಪಳಗಿಸಬೇಕು ಎಂದು ಯಾರೋ ದೊಡ್ಡಮನುಷ್ಯ ಬರೆದದ್ದು. ಇನ್ನೊಂದು ಪ್ರತಿ ಎಲ್ಲೂ ಇಲ್ಲವಂತೆ. ಶಾಲೆಯ ಮುಖ್ಯಾಧಿಕಾರಿ ಖುದ್ದಾಗಿ ತಂದುಕೊಟ್ಟು, ಅಂಚು ಕತ್ತರಿಸಿ ರಟ್ಟು ಹಾಕಲು ಹೇಳಿದರು. ಅದನ್ನು ತೋರಿಸಬೇಕಿದ್ದ ಮಂತ್ರಿಗಳ ಭೇಟಿಗೆ ಹತ್ತು ದಿನವಿತ್ತು.

ಪುಟ ಬಿಡಿಸಿದರೆ ಅಂಚಿನ ತುಂಬ ಕಂದು ಮಸಿಯ ಕೈಬರಹ. 'ಹಡಗಿನ ಆಳಿಗೆ ಅಕ್ಷರ ಬೇಡ, ಭಯ ಸಾಕು' ಎಂದು ಅಚ್ಚಿನಲ್ಲಿದ್ದರೆ ಪಕ್ಕದಲ್ಲಿ, 'ನಾನು ಹಡಗಿನ ಆಳು. ಇದನ್ನು ಓದುತ್ತಿದ್ದೇನೆ.' ಹೊಸಬರನ್ನು ಮೊದಲ ದಿನವೇ ಹಾಯಿ ಕಟ್ಟುವ ಪಟಸ್ತಂಭ ಹತ್ತಿಸಿ ಎಂಬ ಸಲಹೆಯ ಪಕ್ಕದಲ್ಲಿ, 'ಹತ್ತಿಸಿದರು. ಇಬ್ಬರು ಬಿದ್ದು ಸತ್ತರು. ಬರೆದವರು ಒಂದು ಸಲ ಹತ್ತಲಿ.'

ಅಕ್ಕ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

"ಇದನ್ನ ಕತ್ತರಿಸೋಕಾಗಲ್ಲ," ಎಂದಳು ಅಧಿಕಾರಿಗೆ. "ಬೇರೇನೇ ಒಂದು ಪೆಟ್ಟಿಗೆ ಮಾಡ್ಕೊಡ್ತೀನಿ."

"ಆ ಗೀಚಾಟ ಹೋಗ್ಲಿ ಅಂತಾನೇ ಕತ್ತರಿಸೋಕೆ ಹೇಳಿದ್ದು. ಮಂತ್ರಿಗಳ ಮುಂದೆ ಮರ್ಯಾದೆ ಬೇಡ್ವಾ?"

"ಯಾರ ಮರ್ಯಾದೆ?"

ಜೊತೆಗಿದ್ದ ಗ್ರಂಥಪಾಲಕರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು. "ನಕಲು ಮಾಡಿಟ್ಕೊಂಡು ಕತ್ತರಿಸಿದ್ರಾಯ್ತಲ್ಲ," ಎಂದರು. ಆಗ ಅಕ್ಕ ಯಾರಿಗೂ ಹೇಳದ ಮಾತನ್ನು ಹೇಳಿದಳು.

ಅವಳ ಅಪ್ಪ ಹಡಗಿನಲ್ಲಿ ಹಗ್ಗದ ಕೆಲಸದವನು. ಸತ್ತಾಗ ಒಂದು ನೋಟ್‌ಪುಸ್ತಕ ಬಿಟ್ಟುಹೋಗಿದ್ದ. ಆಗಷ್ಟೇ ಕೆಲಸ ಕಲಿತಿದ್ದ ಮಗಳು ಪ್ರೀತಿಯಿಂದ ಅದಕ್ಕೆ ರಟ್ಟು ಹಾಕಿದಳು. ರೂಢಿಯಂತೆ ಮೂರು ಬದಿಯನ್ನೂ ಕತ್ತರಿಸಿದಳು. ಕಾಗದ ಉಳಿಸಲು ಅಪ್ಪ ಅಂಚಿನ ತುದಿಯವರೆಗೂ ಬರೆಯುತ್ತಿದ್ದ ಎಂದು ತಿಳಿದದ್ದು ನೆಲದ ಮೇಲಿನ ಚೂರು ಗುಡಿಸಿ ಒಲೆಗೆ ಹಾಕಿದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಒಂದು ಸಾಲಲ್ಲೂ ಕೊನೇ ಮಾತಿಲ್ಲ," ಎಂದಳು ಅಕ್ಕ. "ಅಮ್ಮನಿಗೆ ಓದಿ ಹೇಳುವಾಗ ನಾನೇ ಏನಾದ್ರೂ ಸೇರಿಸ್ತಿದ್ದೆ. ಅವಳು ಸಾಯೋವರೆಗೂ ಅದನ್ನ ಅಪ್ಪನ ಮಾತು ಅಂತಲೇ ನಂಬಿದ್ಲು."

"ನಿಮ್ಮ ಮನೆ ಕತೆ ಶಾಲೆಗ್ಯಾಕೆ?" ಎನ್ನುತ್ತ ಅಧಿಕಾರಿ ಪುಸ್ತಕವನ್ನು ತಾವೇ ಯಂತ್ರದಡಿ ಇಟ್ಟು ಹಿಡಿಗೆ ಕೈಹಾಕಿದರು. ಅಕ್ಕ ಅಲಗಿನ ಕೆಳಗೆ, ಆ ಕಂದು ಅಕ್ಷರಗಳ ಮೇಲೆ, ತನ್ನ ಬಲಗೈ ಚಾಚಿಟ್ಟಳು.

"ಎಳೀರಿ," ಎಂದಳು.

ಯುದ್ಧನೌಕೆ ನಡೆಸಿದ ಮನುಷ್ಯ. ಹಿಡಿ ಬಿಟ್ಟು, ಗಡಿಯಾರ ನೋಡಿಕೊಂಡು ಮೆಟ್ಟಿಲು ಹತ್ತಿ ಹೋದರು.

ಮಧ್ಯಾಹ್ನಕ್ಕೇ ನೋಟೀಸು ಬಂತು: ಆಜ್ಞೆ ಮೀರಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು, ಮೂರು ದಿನದೊಳಗೆ ಪ್ರತ್ಯೇಕ ಹಾಳೆಯಲ್ಲಿ ಉತ್ತರಿಸತಕ್ಕದ್ದು. ನಿವೃತ್ತಿಗೆ ಒಂದೂವರೆ ವರ್ಷ ಬಾಕಿಯಿತ್ತು. ಅಕ್ಕನಿಗೆ ಭಯವಾಯಿತು; ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಮೊದಲು ಪೆಟ್ಟಿಗೆಯನ್ನು ಮುಗಿಸಿದಳು. ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಅಳಿಸಲಾಗದ ಮಸಿಯಿಂದ ಬರೆದಳು: ಮೂವತ್ತೆರಡು ಪುಟ, ನಾವಿಕನೊಬ್ಬನ ಅಂಚುಬರಹ ಸಹಿತ. ಹಾವು-ಕೋಲಿನ ಗ್ರಂಥಪಾಲಕರು ಎರಡು ಸಲ ಓದಿ, ಕೆಳಗೆ ಮೊಹರು ಒತ್ತಿದರು. ಇನ್ನು ಯಾರೇ ಕತ್ತರಿಸಿದರೂ ಅದಕ್ಕೆ ಜವಾಬು ಕೊಡಬೇಕು.

ಆಮೇಲೆ ನೋಟೀಸನ್ನು ಎದುರಿಗಿಟ್ಟುಕೊಂಡಳು. ಪ್ರತ್ಯೇಕ ಹಾಳೆ ತೆಗೆದುಕೊಳ್ಳಲಿಲ್ಲ. ಅದರ ಅಂಚಿನಲ್ಲೇ ದುಂಡಗೆ ಬರೆದು ಮೇಲಕ್ಕೆ ಕಳಿಸಿದಳು:

'ಕತ್ತರಿಸಿಲ್ಲ. ಕತ್ತರಿಸುವುದೂ ಇಲ್ಲ. ಈ ಉತ್ತರ ಬೇಡವಾದರೆ ಯಂತ್ರ ಕೆಳಗಿದೆ.'