ಹೆರ್ ಲೆಂಕ್ ಗುರುತಿಸಿದ ನಾಲ್ಕು ಫೋಟೋಗಳು

2022ರಲ್ಲಿ ನಾನು ಬರ್ಲಿನ್‌ನ ಒಂದು ಖಾಸಗಿ ಫೋಟೋ ಸಂಗ್ರಹದಲ್ಲಿ ಕ್ಯಾಟಲಾಗರ್ ಆಗಿದ್ದೆ. ಪಶ್ಚಿಮ ಬರ್ಲಿನ್‌ನ ಹಳೆಯ ಟ್ರಾಮ್ ಫೋಟೋಗಳನ್ನು ನೋಡಿ, ಯಾವ ಬೀದಿ, ಯಾವ ಮಾರ್ಗ ಎಂದು ಗುರುತಿಸಿ ದಾಖಲಿಸುವುದು ಕೆಲಸ. ಆ ಟ್ರಾಮ್‌ಗಳು 1967ರಲ್ಲೇ ನಿಂತವು, ಹಳಿಗಳೂ ಹೋದವು. ಉಳಿದಿರುವುದು ಮೇಲಿನ ವಿದ್ಯುತ್ ತಂತಿಯನ್ನು ಎಳೆದು ಕಟ್ಟಲು ಮನೆಗಳ ಗೋಡೆಗೆ ಬಿಗಿದಿದ್ದ ಕಬ್ಬಿಣದ ಕೊಕ್ಕೆಗಳು, ಅದೂ ಅಲ್ಲಲ್ಲಿ.

ಫೋಟೋದೊಳಗೆ ಎರಡು ಸಾಕ್ಷಿ ಸಿಗದೆ ಸ್ಥಳದ ಹೆಸರು ಬರೆಯಬಾರದು ಎಂಬುದು ನಮ್ಮ ನಿಯಮ. ಗೋಡೆಯ ಕೊಕ್ಕೆ, ಅಂಗಡಿಯ ಬೋರ್ಡು, ಚರ್ಚಿನ ಗೋಪುರ, ಯಾವುದಾದರೂ ಎರಡು.

ಕೊಕ್ಕೆಗಳನ್ನು ನೋಡಿ ಬೀದಿ ಗುರುತಿಸಲು ನನಗೆ ಕಲಿಸಿದವರು ಹೆರ್ ಲೆಂಕ್. ಆ ಟ್ರಾಮ್‌ಗಳನ್ನೇ ಓಡಿಸಿದ್ದವರು, ಎಂಬತ್ತು ದಾಟಿದವರು. ಪ್ರತಿ ಮಂಗಳವಾರ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಹನ್ನೊಂದು ತಿಂಗಳು ಮನೆ ಹುಡುಕಿ ಸೋತಿದ್ದ ನನ್ನನ್ನು ತಮ್ಮ ಮನೆ ಮಾಲೀಕರ ಬಳಿ ಕರೆದೊಯ್ದು, "ಈತನಿಗೆ ನಾನು ಜವಾಬ್ದಾರಿ" ಎಂದವರೂ ಅವರೇ. ಆಮೇಲೆ ಅವರನ್ನು ಸಾಕ್ಷಿ ಕೇಳಲು ನನಗೆ ಬಾಯಿ ಬರಲಿಲ್ಲ. ಮೈಸೂರಿನಲ್ಲಿ ನಾವು ಬೆಳೆದದ್ದು ಹಾಗೆ. ಹಿರಿಯರು ಹೇಳಿದ ಮೇಲೆ 'ಹೇಗೆ ಗೊತ್ತು?' ಎನ್ನುವುದು ಉದ್ಧಟತನ. ಒಂದು ತಿರುವಿನ ನಾಲ್ಕು ಫೋಟೋಗಳನ್ನು ನೋಡಿ ಅವರು "ಸ್ಪಾಂಡೌ" ಎಂದರು, ನಗರದ ಪಶ್ಚಿಮ ತುದಿಯ ಬಡಾವಣೆ. ಹಾಗೆಯೇ ಬರೆದೆ. ಸಾಕ್ಷಿಯ ಕಾಲಂ ಖಾಲಿ ಬಿಟ್ಟೆ.

ಆ ಬೇಸಿಗೆಯಲ್ಲಿ ಫ್ರೌ ಹೈನ್ ಎಂಬ ಮಹಿಳೆ ಬಂದರು. ಅರವತ್ತು ವರ್ಷಗಳ ಹಿಂದೆ ಅವರ ಅಕ್ಕ ನಗರದ ಇನ್ನೊಂದು ಬದಿಯ ಬಡಾವಣೆಯಾದ ನೊಯ್‌ಕ್ಯೋಲ್ನ್‌ನ ಒಂದು ತಿರುವಿನಲ್ಲಿ ಹೂ ಮಾರುತ್ತಿದ್ದಳಂತೆ. ಅಲ್ಲೇ ಟ್ರಾಮಿಗೆ ಸಿಕ್ಕಿ ಸತ್ತಳಂತೆ. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಉಳಿದಿರಲಿಲ್ಲ. ನಾನು ಕ್ಯಾಟಲಾಗಿನಲ್ಲಿ ಆ ಬಡಾವಣೆಯ ಹೆಸರಿನಡಿ ಹುಡುಕಿ, ಆ ತಿರುವಿನ ಚಿತ್ರ ನಮ್ಮಲ್ಲಿಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಹೆರ್ ಲೆಂಕ್ ಎದ್ದು ಆಕೆಗೆ ಕಾಫಿ ಬಗ್ಗಿಸಿಕೊಟ್ಟರು.

ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಮಾರ್ಚ್‌ನಲ್ಲಿ ಸಹೋದ್ಯೋಗಿ ಸಮೀರ್, ಹುಬ್ಬಳ್ಳಿಯವನು, ಹಳೆಯ ಫೋಟೋಗಳನ್ನು ಇಂದಿನ ಬೀದಿಗಳ ಚಿತ್ರಗಳೊಂದಿಗೆ ಸಾಫ್ಟ್‌ವೇರ್‌ನಲ್ಲಿ ಹೋಲಿಸುತ್ತಿದ್ದ. ತಿರುವಿನ ಆ ನಾಲ್ಕು ಫೋಟೋಗಳು ಬಂದಾಗ ನನ್ನನ್ನು ಕರೆದ.

"ಗುರು, ಇವು ಸ್ಪಾಂಡೌ ಅಲ್ಲೋ. ನೊಯ್‌ಕ್ಯೋಲ್ನ್."

"ಲೆಂಕ್ ಹೇಳಿದ್ದು ಕಣೋ. ಅವ್ರಿಗಿಂತ ನಿನ್ನ ಸಾಫ್ಟ್‌ವೇರ್‌ಗೆ ಜಾಸ್ತಿ ಗೊತ್ತಾ?"

"ಸಾಫ್ಟ್‌ವೇರ್ ಬಿಡು ಮಗಾ, ನಿನ್ನ ಕಣ್ಣಿಲ್ಲೇನು? ಕೊಕ್ಕೆ ನೋಡು, ಕಿಟಕಿ ನೋಡು."

ಇಬ್ಬರೂ ಯು-ಬಾನ್ ಮೆಟ್ರೋ ಹಿಡಿದು ಆ ತಿರುವಿಗೆ ಹೋಗಿ ನೋಡಿದೆವು. ಎರಡನೆಯ ಮಹಡಿಯ ಬಾಲ್ಕನಿಯ ಪಕ್ಕದಲ್ಲಿ ಕೊಕ್ಕೆ ಇನ್ನೂ ಇತ್ತು. ಮೂರನೆಯ ಫೋಟೋದ ಅಂಚಿನಲ್ಲಿ, ಅದೇ ಬಾಲ್ಕನಿಯ ಕೆಳಗೆ, ಹೂವಿನ ಬಕೆಟ್‌ಗಳ ನಡುವೆ ಒಬ್ಬ ಯುವತಿ ನಿಂತಿದ್ದಳು.

ಫ್ರೌ ಹೈನ್ ಅವರನ್ನು ಕರೆಸಿದೆ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಅಕ್ಕನೇ. ಈಗ ನನಗಿಂತ ಎಷ್ಟು ಚಿಕ್ಕವಳು," ಎಂದರು. ಆಮೇಲೆ, "ಹೋದ ಸಲ ಇಲ್ಲ ಎಂದಿರಲ್ಲ?" ಎಂದರು.

ಕ್ಯಾಟಲಾಗ್ ತಪ್ಪಾಗಿತ್ತು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಗುರುತಿಸಿದವರ ಹೆಸರು ಹೇಳಿದೆ. ಆಕೆ ಫೋಟೋ ಕೆಳಗಿಟ್ಟರು.

"ಲೆಂಕ್? ಅಕ್ಕ ಸಿಕ್ಕಿಕೊಂಡ ಆ ಟ್ರಾಮ್ ಓಡಿಸುತ್ತಿದ್ದವನು ಅವನೇ. ಅವನ ತಪ್ಪಿಲ್ಲ ಅಂತ ವಿಚಾರಣೆಯಲ್ಲಿ ನನ್ನ ತಾಯಿಯೇ ಸಾಕ್ಷಿ ಹೇಳಿದ್ದಳು."

ಅಂದು ಕಾಫಿ ಕೊಟ್ಟವರು ಅವರೇ ಎಂದು ಹೇಳಲು ನನ್ನಿಂದಾಗಲಿಲ್ಲ.

ದಾಖಲೆ ತಿದ್ದಿದೆ. ಹಳೆಯ ಗುರುತು ತಪ್ಪು ಎಂದು ಹೆರ್ ಲೆಂಕ್ ಅವರ ಹೆಸರಿನಲ್ಲಿ, ಪರೀಕ್ಷಿಸಲಿಲ್ಲ ಎಂದು ನನ್ನ ಹೆಸರಿನಲ್ಲಿ ಬರೆದೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಬಾಯಿಂದಲೇ ಆಕೆಗೆ ಸುಳ್ಳು ಹೇಳಿಸಿದರಲ್ಲ ಎಂಬ ಸಿಟ್ಟು ಇನ್ನೂ ಹೋಗಿಲ್ಲ. ಅವರಿಲ್ಲದ ಮಂಗಳವಾರಗಳಿಗೂ ಒಗ್ಗಿಕೊಂಡಿಲ್ಲ.

ಸಾಕ್ಷಿ ಕೇಳುವುದು ಅನುಮಾನವಲ್ಲ ಎಂದು ಈ ಕೆಲಸ ನನಗೆ ಕಲಿಸಿತು. ಅಂದು 'ಹೇಗೆ ಗೊತ್ತು?' ಎಂದು ಕೇಳಿದ್ದರೆ ಹೆರ್ ಲೆಂಕ್ ಇನ್ನೊಂದು ಸುಳ್ಳು ಹೇಳುತ್ತಿದ್ದರೋ ಏನೋ. ಅಥವಾ ಅರವತ್ತು ವರ್ಷಗಳಲ್ಲಿ ಮೊದಲ ಸಲ ಯಾರಿಗಾದರೂ ನಿಜ ಹೇಳುತ್ತಿದ್ದರು. ನಾನು ಕೇಳಲಿಲ್ಲ.