ಮಗಳ ಊರಿನ ಕೋಟೆಗಳು

ರಾಣಿ ಹಡೆದ ಕೋಣಿ ನಮ್ಮನಿ ಲಾಂಡ್ರಿ ರೂಮಿನಷ್ಟೂ ಇದ್ದಿಲ್ಲ. ಖರೇನ ಹೇಳ್ತೇನಿ. ಎಡಿನ್‌ಬರೋದಾಗ ಗುಡ್ಡದ ಮ್ಯಾಲ ಅಷ್ಟು ದೊಡ್ಡ ಕೋಟೆ. ತೋಪು ಏನು, ಬುರುಜು ಏನು, ಕಿರೀಟ ಇಟ್ಟ ಗಾಜಿನ ಪೆಟ್ಟಿಗಿ ಏನು! ಅದರೊಳಗ ಒಂದು ಮೂಲ್ಯಾಗ ಗ್ವಾಡಿಗೆ ಕಟ್ಟಿಗಿ ಹಲಗಿ ಬಡದ ಸಣ್ಣ ಕೋಣಿ. ನಾಕೂವರಿ ನೂರು ವರ್ಷದ ಹಿಂದ ಆ ನಾಡಿನ ರಾಣಿ ಅಲ್ಲೇ ಮಗನ್ನ ಹಡೆದ್ಲಂತ. ವರ್ಷ ತುಂಬೂದರೊಳಗ ಮಗ ಒಂದು ಕಡೆ, ತಾಯಿ ಒಂದು ಕಡೆ ಆದ್ರು. ಆಮ್ಯಾಲ ಸಾಯೂತನಕ ಆಕಿ ಆ ಮಗನ ಮುಖ ನೋಡ್ಲಿಲ್ಲ. ಕಿವಿಗೆ ಹಾಕ್ಕೊಂಡಿದ್ದ ಆಡಿಯೋ ಗೈಡು ಇದನ್ನ ಹವಾಮಾನ ಹೇಳಿದಂಗ ಹೇಳಿ, ಮುಂದಿನ ಕೋಣಿಗೆ ನಡೀರಿ ಅಂತು. ನಾ ನಡೀಲಿಲ್ಲ. ಹಿಂದಿನ ಮಂದಿ ‘ಸಾರಿ, ಸಾರಿ’ ಅನ್ನೂತನಕ ಅಲ್ಲೇ ನಿಂತಿದ್ದೆ.

ಇಷ್ಟು ದೂರ ನಾ ಕೋಟೆ ನೋಡಾಕ ಹೋದಾಕಿ ಅಲ್ಲ. ನಾ ಇರೋದು ಟೊರೊಂಟೊ ಬಾಜೂಕಿನ ಮಿಸಿಸಾಗದ ಮೆಡೋವೇಲ್‌ನ್ಯಾಗ. ಅಲ್ಲೇ ಒಂದು ಲ್ಯಾಬಿನ್ಯಾಗ ರಕ್ತ-ಮೂತ್ರ ಪರೀಕ್ಷಾ ಮಾಡ್ತಾ ಮಾಡ್ತಾ ಕೂದಲು ಬೆಳ್ಳಗಾಗಿ ರಿಟೈರಾದೆ. ನಮ್ಮನಿಯವರು ಹೋಗಿ ಮೂರು ಚಳಿಗಾಲ ಆತು. ಇರೋದು ಒಬ್ಬಾಕಿನ ಮಗಳು, ಮಿಸಿಸಾಗದಾಗ ಹುಟ್ಟಿ ಬೆಳದಾಕಿ. ಹಳೇ ಕಲ್ಲಿನ ಕಟ್ಟಡ ರಿಪೇರಿ ಮಾಡೂ ವಿದ್ಯಾ ಕಲ್ತು, ಎರಡು ವರ್ಷದ ಕೆಲಸ ಅಂತ ಹೇಳಿ ಎಡಿನ್‌ಬರೋಕ್ಕ ಹೋದ್ಲು. ಆ ಎರಡು ವರ್ಷ ಮುಗದು ಹೋಗಿತ್ತು. ಆಕಿ ವಾಪಸ್ ಬರೂ ಮಾತು ಎತ್ತಿದ್ದಿಲ್ಲ.

ನನಗ ಬೇಕಾಗಿದ್ದು ಒಂದ ಒಂದು ಉತ್ತರ. ಬರ್ತಿಯೋ, ಇಲ್ಲೋ? ಬರ್ತಿ ಅಂದ್ರ ಮನಿ ಇಟ್ಕೋತೇನಿ, ಇಲ್ಲಾಂದ್ರ ಮಾರಿ ಒಂದು ಸಣ್ಣ ಕಾಂಡೋ ಫ್ಲ್ಯಾಟು ಹಿಡಕೋತೇನಿ. ಒಬ್ಬಾಕಿಗೆ ಮೂರು ಬೆಡ್‌ರೂಮು, ಒಂದು ಬೇಸ್‌ಮೆಂಟು ಯಾಕ ಬೇಕ್ರಿ? ಸ್ನೋ ಬಿದ್ದ ಮುಂಜಾನೆ ಡ್ರೈವ್‌ವೇ ಬಳಿಯೂತನಕ ಟೊಂಕ ಮುರದು ಹೋಗ್ತೈತಿ. ಆದ್ರೂ ಆಕಿ ರೂಮಿನ ಹಾಸಿಗಿ ಬಡದು ಹಾಕ್ತಿದ್ದೆ, ಆಕಿ ಪುಸ್ತಕದ ಮ್ಯಾಲಿನ ಧೂಳು ಒರಸ್ತಿದ್ದೆ. ಕನ್ನಡ ಮಂದಿ ಕೂಡಿದಲ್ಲೆಲ್ಲಾ ಎಲ್ಲಾರೂ ‘ಮಗಳು ಯಾವಾಗ ಬರ್ತಾಳ’ ಅಂತ ಕೇಳೂದು, ನಾ ‘ಬರೂ ವರ್ಷ ಬರ್ತಾಳ್ರಿ’ ಅನ್ನೂದು. ಫೋನಿನ್ಯಾಗ ಆಕಿನ್ನ ಕೇಳಿದ್ರ ‘ಲೆಟ್ಸ್ ಸೀ, ಅವ್ವಾ’ ಅಂತಿದ್ಲು. ಅವ್ವಾ ಅನ್ನೂದೊಂದು ಬಿಟ್ರ ಆಕಿ ಬಾಯಾಗ ಕನ್ನಡ ಬರೂದು ಕಡಿಮಿನ. ಹಿಂಗಾಗಿ ಎದುರಿಗೆ ಕುಂತ ಕೇಳಬೇಕಂತ ಟಿಕೆಟ್ ತೆಗಿಸಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊಂಟೆ.

ಏರ್‌ಪೋರ್ಟಿಗೆ ಬಂದಿದ್ಲು. ತೆಕ್ಕಿ ಬಡದ್ಲು. ಆಕಿ ಮನಿ ಒಂದು ಹಳೇ ಕಲ್ಲಿನ ಕಟ್ಟಡದ ಮೂರನೇ ಅಂತಸ್ತಿನ ಮ್ಯಾಲ. ಲಿಫ್ಟಿಲ್ಲ, ತಿರುಗು ಮೆಟ್ಟಲು. ನಾ ಏದುಸಿರು ಬಿಡ್ತಾ ಒಳಗ ಹೋಗಿ ಕುಂತು ನೀರು ಕುಡ್ಯೂದರೊಳಗ ಕೈಯಾಗ ಒಂದು ಪಾಸು ಇಟ್ಲು. ಊರಾಗಿನ, ಸುತ್ತಮುತ್ತಲಿನ ಕೋಟೆ ಎಲ್ಲಾ ಅದರ ಮ್ಯಾಲ ನೋಡಬಹುದಂತ. ಅರಮನಿ ಟಿಕೆಟ್ ಬ್ಯಾರೆ ತೆಗಿಸಿದ್ಲು. ಊರ ಹೊರಗ ಒಂದು ಹಳೇ ಗೋಪುರದ ಕೆಲಸ ನಡದಿತ್ತು, ಆಕಿಗೆ ರಜಾ ಸಿಗೂದು ಶನಿವಾರನ. ಅಲ್ಲೀತನಕ ನೀ ಆರಾಮ ಅಡ್ಡಾಡು ಅಂದ್ಲು.

ಸಿಟ್ಟು ಬಂತು ನೋಡ್ರಿ ನನಗ. ‘ನಾ ಏನ್ ಕೋಟೆ ನೋಡಾಕ ಬಂದೇನೇನವಾ? ನಮ್ಮ ಧಾರವಾಡದಿಂದ ಕಿತ್ತೂರು ಎಷ್ಟು ದೂರ, ಆ ಕೋಟೆನ ನಾ ಎರಡನೇ ಸಲ ನೋಡಿಲ್ಲ!’ ಅಂದೆ. ಆಕಿ ನಕ್ಕಳು. ಆಮ್ಯಾಲ ಹಾಸಿಗಿ ಮ್ಯಾಲ ಬಿದ್ಕೊಂಡು ವಿಚಾರ ಮಾಡಿದೆ. ಊರಿಂದ ಯಾರರ ಬಂದ್ರ ನಾವೂ ಹಿಂಗ ಮಾಡ್ತೇವಲ್ಲ. ಒಂದಿನ ನಯಾಗರ, ಮರುದಿನ ಟೊರೊಂಟೊದ ಕಾಸಾ ಲೋಮಾ. ಆ ಕೋಟೆಮನಿ ಮುಂದ ಎಷ್ಟು ಮಂದಿನ್ನ ನಿಂದ್ರಿಸಿ ಫೋಟೋ ತೆಗದಿಲ್ಲ ನಾ? ಬಂದ ಮಂದಿಗೆ ಊರು ತೋರಸ್ತಾರ. ಮಗಳ ಮನ್ಯಾಗ ನಾ ಬಂದ ಮಂದಿ ಆಗಿದ್ದೆ. ಅದು ಎದಿಗೆ ಚುಚ್ಚಿತು.

ಮರುದಿನದಿಂದ ಸುರು ಆತು ನನ್ನ ಸವಾರಿ. ಮೊದಲನೇ ದಿನ ಗುಡ್ಡದ ಮ್ಯಾಲಿನ ದೊಡ್ಡ ಕೋಟೆ. ಮಧ್ಯಾಹ್ನ ಒಂದಕ್ಕ ಅಲ್ಲಿ ತೋಪು ಹಾರಸ್ತಾರ, ನನಗ ಗೊತ್ತಿದ್ದಿಲ್ಲ. ಢಂ ಅಂದಕೂಡಲೇ ‘ಯಪ್ಪಾ!’ ಅಂತ ಒದರಿ ಬಾಜೂಕ ನಿಂತ ಯಾವಾಕಿನೋ ತೋಳು ಗಟ್ಟಿ ಹಿಡಕೊಂಡುಬಿಟ್ಟೆ. ಆಕಿನೂ ನಕ್ಕಳು, ನಾನೂ ನಕ್ಕೆ. ಆಮ್ಯಾಲ ಆಕಿ ತನ್ನ ಗಂಡನ ಕಡೆ ಹೊಳ್ಳಿದ್ಲು. ನಾ ಹೊಳ್ಳಿ ನೋಡಾಕ ಯಾರೂ ಇದ್ದಿಲ್ಲ.

ಎರಡನೇ ದಿನ ಹಾಲಿರೂಡ್ ಅರಮನಿ. ಈಗೂ ರಾಜಮನೆತನದವರು ಬಂದು ಇಳಿಯೂ ಜಾಗಾ ಅದು. ಆ ರಾಣಿಯ ಮಲಗೂ ಕೋಣಿನೂ ಅಲ್ಲೇ ಐತಿ. ಗೈಡು ಹೇಳೂದು ಮುಗದ್ರೂ ನಾ ಕಿವಿಯಿಂದ ತಗೀಲಿಲ್ಲ. ಕಿವಿಗೆ ಏನರ ಇದ್ರ ಮಂದಿಗೆ ‘ಪಾಪ, ಒಬ್ಬಾಕಿನ ಬಂದಾಳ’ ಅನಸೂದಿಲ್ಲ ನೋಡ್ರಿ. ಆ ವಾರ ನನ್ನ ಕೂಡ ಎಲ್ಲಾರಕಿಂತ ಹೆಚ್ಚು ಮಾತಾಡಿದವ ಅವನ, ಆ ಆಡಿಯೋ ಗೈಡಿನವ. ಇನ್ನ ಒಬ್ಬಾಕಿನ ನಿಂತೀದಿ ಅಂದ್ರ ಗಂಡ-ಹೆಂಡ್ತಿ ಎಲ್ಲಾರೂ ತಮ್ಮ ಫೋನು ನಿನ್ನ ಕೈಯಾಗ ಕೊಟ್ಟು, ಒಂದು ಫೋಟೋ ತಗೀರಿ ಅಂತಾರ. ಅವರಿಗೆಲ್ಲಾ ತಗದೆ. ನಮ್ಮನಿಯವರು ಇದ್ದಿದ್ರ ಒಂದೊಂದು ಕಿಡಕಿ ಮುಂದೂ ನಿಂತು ‘ಇದಕ್ಕ ಎಷ್ಟು ಖರ್ಚು ಬಂದಿರಬೇಕು’ ಅಂತ ತಲಿ ತಿಂತಿದ್ರು. ಅವರು ತಲಿ ತಿನ್ನೂದು ನನಗ ಬೇಕಾಗಿತ್ತು.

ಮೂರನೇ ದಿನ ಬಸ್ಸು ಹತ್ತಿ ಊರ ಅಂಚಿನ ಕ್ರೇಗ್‌ಮಿಲ್ಲರ್ ಕೋಟೆಗೆ ಹೋದೆ. ಹಾಳುಬಿದ್ದ ಕೋಟೆ. ಒಳಗ ಅಂಗಳದಾಗ ಎರಡು ದೊಡ್ಡ ಮರ ಬೆಳದಾವ, ಸುತ್ತಲೂ ಮಾಳಗಿ ಇಲ್ಲದ ಕೋಣಿ. ಒಂದು ನರಪಿಳ್ಳಿ ಇದ್ದಿಲ್ಲ. ಮೊಣಕಾಲು ಹಿಡಕೊಂಡು ತುದೀತನಕ ಏರಿದೆ. ಅಲ್ಲಿಂದ ಊರು ಪೂರಾ ಕಾಣ್ತಿತ್ತು. ಇದರ ಆಚೆ ಎಲ್ಲೋ ನನ್ನ ಮಗಳು ಕಲ್ಲು ಕೆತ್ತಿಕೋತ ನಿಂತಾಳ, ನಾ ಇಲ್ಲಿ ಯಾವನೋ ಸತ್ತ ಸರದಾರನ ಮಾಳಗಿ ಮ್ಯಾಲ ಕುಂತು ರೊಟ್ಟಿ ತಿನ್ನಾಕತ್ತೇನಿ. ಗಾಳಿ ಭಾಳ ಇತ್ತು. ಚಟ್ನಿಪುಡಿ ಹಾರಿ ಕಣ್ಣಾಗ ಬಿತ್ತು. ಅದರ ನೆವದಿಂದ ಮನಸಾರೆ ಅತ್ತೆ.

ರಾತ್ರಿ ಆಕಿ ಬರೂ ಹೊತ್ತಿಗೆ ಬೆರಳ ಸಂದ್ಯಾಗೆಲ್ಲಾ ಸುಣ್ಣ. ಉಣ್ಣೂದರೊಳಗ ಕಣ್ಣು ಮುಚ್ಚಿ ಹೋಗ್ತಿದ್ದುವು. ದಣದು ಬಂದ ಹುಡುಗೀನ್ನ ಏನಂತ ಕೇಳ್ಲಿ? ಶನಿವಾರ ಕೇಳಿದ್ರಾತು ಅಂತ ಸೋಫಾದ ಮ್ಯಾಲ ಆಕಿಗೆ ಚಾದರ ಹೊಚ್ಚತಿದ್ದೆ. ತನ್ನ ಹಾಸಿಗಿ ನನಗ ಬಿಟ್ಟುಕೊಟ್ಟಿದ್ಲು.

ಶನಿವಾರ ಇಬ್ಬರೂ ಟ್ರೇನಿನ್ಯಾಗ ಲಿನ್‌ಲಿತ್‌ಗೋ ಅರಮನಿಗೆ ಹೋದ್ವಿ. ಕೆರಿ ದಂಡಿ ಮ್ಯಾಲಿನ ಅರಮನಿ. ಗ್ವಾಡಿ ಅಷ್ಟ ಉಳದಾವ, ಮ್ಯಾಲ ಆಕಾಶ. ನಡು ಅಂಗಳದಾಗ ಕೆತ್ತಿದ ಕಾರಂಜಿ. ಅದರ ಹತ್ರ ಕಟ್ಟಿ ಮ್ಯಾಲ ಕುಂತ ಕೂಡಲೇ ಕೇಳಬೇಕಂತ ಟ್ರೇನಿನ್ಯಾಗ ಮನಸಿನ್ಯಾಗ ಹತ್ತು ಸಲ ಹೇಳಿಕೊಂಡಿದ್ದೆ.

ಆಕಿ ಕುಂದ್ರಲೇ ಇಲ್ಲ. ಗ್ವಾಡಿಯಿಂದ ಗ್ವಾಡಿಗೆ ಓಡ್ಯಾಡ್ತಾ, ನನ್ನ ಕೈ ಹಿಡದು ಕಲ್ಲಿನ ಮ್ಯಾಲ ಇಡಸ್ತಾ, ‘ಟಚ್ ಇಟ್, ಅವ್ವಾ, ಟಚ್ ಇಟ್’ ಅಂತಿದ್ಲು. ಹಿಂದಿನವರು ಸುಣ್ಣದ ಗಾರೆ ಹಾಕಿ ಕಟ್ಟಿದ್ರಂತ, ಅದರಾಗ ಕಲ್ಲು ಉಸಿರಾಡ್ತಿತ್ತಂತ. ಆಮ್ಯಾಲಿನ ಶ್ಯಾಣ್ಯಾರು ಕಟ್ಟಡ ಗಟ್ಟಿ ಆಗ್ಲಿ ಅಂತ ಸಿಮೆಂಟು ಮೆತ್ತಿದ ಕಡೆ ನೀರು ಒಳಗ ಸಿಕ್ಕೊಂಡು ಕಲ್ಲ ಉದುರಿ ಹೋಗ್ತಾವಂತ. ತಾನು ಆ ಸಿಮೆಂಟು ಕೆತ್ತಿ ತಗದು ಮತ್ತ ಸುಣ್ಣ ತುಂಬ್ತೇನಿ ಅಂದ್ಲು. ತನ್ನ ಗೋಪುರದ ಮಾತು ಬಂದಾಗಂತೂ ಮುಖ ಹೆಂಗ ಅರಳ್ತಂದ್ರ! ಬರೂ ವಸಂತದಾಗ ಪಡವಣ ಗ್ವಾಡಿ, ಅದರ ಮುಂದಿನ ವರ್ಷ ಮಾಳಗಿ ಅಂತ ಹೇಳಿಕೋತ ಹೋದ್ಲು. ಆಕಿ ಸಣ್ಣಾಕಿ ಇದ್ದಾಗಿಂದ ನೋಡೇನಿ, ಇಷ್ಟು ಖುಷಿಯಾಗಿದ್ದನ್ನ ನೋಡಿದ್ದಿಲ್ಲ.

ನನಗ ಆ ಕಲ್ಲಿನ ಮ್ಯಾಲ ಹೊಟ್ಟೆಕಿಚ್ಚು ಬಂತು. ನಗಬ್ಯಾಡ್ರಿ, ಖರೇನ ಬಂತು. ನನ್ನ ಮಗಳ ಕೈ ಹಗಲೆಲ್ಲಾ ಅವುಗಳ ಮ್ಯಾಲ ಇರ್ತೈತಲ್ಲಾ ಅಂತ. ಬಾಯಿ ತಗದೆ, ‘ಹಂಗಾರ ನೀ...’ ಅಂದೆ. ಆಕಿ ಹೊಳ್ಳಿ ‘ಏನವ್ವಾ?’ ಅಂದ್ಲು. ‘ಏನಿಲ್ಲ, ಚಹಾ ಎಲ್ಲಿ ಸಿಗ್ತೈತಿ’ ಅಂತ ಕೇಳಿದೆ.

ಮರುದಿನ ಮುಂಜಾನೆ ನನ್ನ ವಿಮಾನ. ಬ್ಯಾಗು ಬಾಗಲ ಹತ್ರ ತಂದಿಟ್ಟು ಕೋಟು ಹಾಕ್ಕೊಳ್ಳೂ ಹೊತ್ತಿಗೆ ಆಕಿ ‘ಕುಂದ್ರು’ ಅಂತ ಕುರ್ಚಿ ಎಳದ್ಲು. ಫೋನಿನ್ಯಾಗ ದಿಕ್ಕು ನೋಡಿ ಕುರ್ಚಿ ಪೂರ್ವಕ್ಕ ತಿರುಗಿಸಿದ್ಲು. ಅಡಗಿಮನಿಯಿಂದ ಒಂದು ತಾಟು ಹಿಡಕೊಂಡು ಬಂದ್ಲು. ಅದರಾಗ ಬಾಸ್ಮತಿ ಅಕ್ಕಿ, ಒಂದು ತೆಂಗಿನಕಾಯಿ, ಒಂದು ಕಿತ್ತಳೆಹಣ್ಣು, ಎಲಿ-ಅಡಿಕಿ ಸಿಗಲಾರದ್ದಕ್ಕ ನಾಕು ಬದಾಮಿ, ಕುಬಸದ ಖಣದ ಬದಲಿ ಆ ಊರಿನ ಕೆಂಪು ಚೌಕಳಿ ಬಟ್ಟಿ ಒಂದು ತುಂಡು. ಕುಂಕುಮ ಇದ್ದಿಲ್ಲ. ಒಗ್ಗರಣಿ ಡಬ್ಬಿಯಾಗಿನ ಅರಿಷಿಣ ತಂದು ನನ್ನ ಹಣಿಗೆ ಹಚ್ಚಿದ್ಲು. ಕೊಳ್ಳಾಗಿನ ಸ್ಕಾರ್ಫು ತಗದು ನನ್ನ ತೊಡಿ ಮ್ಯಾಲ ಸೆರಗಿನಂಗ ಹಾಸಿ, ಎರಡೂ ಕೈಲೆ ಅಕ್ಕಿ ತುಂಬಿ ಹಾಕಾಕತ್ತಿದ್ಲು.

ಉಡಿ ತುಂಬಾಕತ್ತಿದ್ಲು ನನ್ನ ಮಗಳು! ನಮ್ಮ ಕಡೆ ಮನಿ ಬಿಟ್ಟು ಹೊಂಟ ಹೆಣ್ಣುಮಗಳನ್ನ ಹಂಗ ಕಳಸೂದಿಲ್ಲ, ಉಡಿ ತುಂಬಿ ಕಳಸ್ತಾರ. ಮಿಸಿಸಾಗದಾಗ ನಮ್ಮನಿಗೆ ಬಂದು ಹೋಗೂ ಹೆಣ್ಣುಮಕ್ಕಳಿಗೆಲ್ಲಾ ನಾ ತುಂಬ್ತಿದ್ದೆ, ಸಣ್ಣಾಕಿ ಇದ್ದಾಗ ಆಕಿನ ತಾಟು ಹಿಡೀತಿದ್ಲು. ಹಿಡಿದಾಕಿಗೆ ಒಂದು ಮಾತು ಯಾರೂ ಹೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ. ಉಡಿ ಮುತ್ತೈದ್ಯಾರಿಗೆ ಅಷ್ಟ. ಗಂಡ ಹೋದಾಕಿಗೆ ತುಂಬೂದಿಲ್ಲ.

ನಮ್ಮವರು ಹೋದ ಮ್ಯಾಲ ಸ್ಟೌಫ್‌ವಿಲ್‌ನ್ಯಾಗ ಬೆಳಗಾವಿ ಕಡೇಯವರ ಹೊಸ ಮನಿ ಪೂಜಾಕ್ಕ ಹೋಗಿದ್ದೆ. ಸಾಲಾಗಿ ಕುಂತಿದ್ವಿ. ಉಡಿ ತಾಟು ಒಬ್ಬೊಬ್ಬರ ಮುಂದ ನಿಂತು ನಿಂತು ಬಂತು, ನನ್ನ ಮುಂದ ನಿಂದರದ ದಾಟಿ ಹೋತು. ಮನಿಯಾಕಿ ಹಿಂದಿಂದ ಬಂದು ಒಂದು ಬಾಳೆಹಣ್ಣು ಕೈಯಾಗಿಟ್ಟು, ‘ಉಂಡು ಹೋಗ್ರಿ ವೈನಿ’ ಅಂದ್ರು. ಅವರದೇನ ತಪ್ಪು? ಅವರ ಜಾಗಾದಾಗ ನಾ ಇದ್ರ ನಾನೂ ಹಂಗ ಮಾಡ್ತಿದ್ದೆ. ಆದ್ರ ಅವತ್ತು ಗಾಡಿಯಾಗ ಕುಂತು ಆ ಬಾಳೆಹಣ್ಣು ತಿನ್ನಾಕ ಆಗ್ಲಿಲ್ಲ ನನಗ.

ಈಗ ನಾ ಮಗಳ ಕೈ ಹಿಡದು ‘ಬ್ಯಾಡವಾ, ಹಿಂಗ ಮಾಡಬಾರದು’ ಅನ್ನಬೇಕಾಗಿತ್ತು. ಅನ್ನಲಿಲ್ಲ. ತೊಡಿ ಮ್ಯಾಲ ಅಕ್ಕಿ ಬೀಳ್ತಿತ್ತು, ಅದರ ಭಾರ ಭಾಳ ಹಿತ ಅನಸ್ತಿತ್ತು. ಮತ್ತ ಅದ ಹೊತ್ತಿಗೆ ನನಗ ಇನ್ನೊಂದು ತಿಳೀತು. ಉಡಿ ತುಂಬಾಕಿ ಮನಿಯಾಕಿ. ತುಂಬಿಸ್ಕೊಳ್ಳಾಕಿ ಹೊಂಟಾಕಿ. ನಾ ಇಷ್ಟು ದೂರ ಹೊತ್ತುಕೊಂಡು ಬಂದ ಪ್ರಶ್ನಿಗೆ ಉತ್ತರ ನನ್ನ ತೊಡಿ ಮ್ಯಾಲ ಇತ್ತು.

ಆಕಿ ಬಗ್ಗಿ ಕಾಲು ಮುಟ್ಟಿ, ಹಂಗ ನೆಲದ ಮ್ಯಾಲ ಕುಂತು, ‘ಅವ್ವಾ, ದೇ ಮೇಡ್ ಮಿ ಪರ್ಮನೆಂಟ್’ ಅಂದ್ಲು. ಕೆಲಸ ಕಾಯಂ ಆಗಿ ಭಾಳ ದಿನ ಆತಂತ. ನಾ ಅಳ್ತೇನಿ ಅಂತ ಅಂಜಿ ಹೇಳಿದ್ದಿಲ್ಲಂತ.

‘ಗೊತ್ತಾತು ಬಿಡು’ ಅಂದೆ. ಅಳ್ಲಿಲ್ಲ. ಎಲ್ಲಿಂದ ಧೈರ್ಯ ಬಂತೋ.

‘ಉಡಿ... ಡಿಡ್ ಐ ಡೂ ಇಟ್ ರೈಟ್?’ ಅಂತ ಕೇಳಿದ್ಲು.

‘ಬರೋಬ್ಬರಿ ತುಂಬೀದಿ’ ಅಂದೆ.

ಮೆಡೋವೇಲ್‌ಗೆ ಬಂದ ಮ್ಯಾಲ ಮನಿ ಮಾರಾಟಕ್ಕ ಇಟ್ಟೆ. ಬಂದ ಮರುದಿನ ಆ ಉಡಿ ಅಕ್ಕಿಗೆ ಬೆಲ್ಲ ಹಾಕಿ ಹುಗ್ಗಿ ಮಾಡಿದೆ, ಪದ್ಧತಿ ಹಂಗ ಐತಿ. ಇಡೀ ಮನಿ ಬೆಲ್ಲದ ವಾಸನಿ ತುಂಬಿತು. ಎರಡನೇ ತಾಟು ಹಾಕಾಕ ಯಾರೂ ಇದ್ದಿಲ್ಲ. ಅಡಗಿಮನ್ಯಾಗ ಒಬ್ಬಾಕಿನ ಕುಂತು ಅಳ್ತಾ ಅಳ್ತಾ ಪೂರಾ ಉಂಡೆ. ಆಕಿ ಫೋನು ಮಾಡಿ, ಬ್ಯಾಸಗಿ ರಜಾಕ್ಕ ಮತ್ತ ಬಾ ಅಂದ್ಲು. ಹೂಂ ಅಂದೆ. ಗಂಡ ಹೋದಾಕಿಗೆ ಉಡಿ ತುಂಬೂದಿಲ್ಲ ಅನ್ನೂ ಮಾತು ಮಾತ್ರ ಆಕಿಗೆ ಇವತ್ತಿಗೂ ಹೇಳಿಲ್ಲ, ಹೇಳೂದೂ ಇಲ್ಲ. ಹೇಳಿದ್ರ, ಮುಂದಿನ ಸಲ ನನ್ನ ಖಾಲಿ ಉಡೀಲೆ ಕಳಸ್ತಾಳ.